ಲೆಕ್ಕ ಮಾಡಿದ ಕುದುರೆ ಕಲಿಸಿದ ಪಾಠ

ಕೋಲೆ ಬಸವನನ್ನು ನೋಡದ ಕನ್ನಡಿಗರು ಕಡಿಮೆ. ಬೆನ್ನ ಮೇಲೆ ಬಣ್ಣದ ಬಟ್ಟೆ, ಕೊಂಬಿಗೆ ಕುಚ್ಚು, ಕೊರಳಿಗೆ ಗೆಜ್ಜೆಸರ ಕಟ್ಟಿಸಿಕೊಂಡು ಮನೆಬಾಗಿಲಿಗೆ ಬರುವ ಎತ್ತು, ‘ಈ ಸಲ ಮಳೆ ಚೆನ್ನಾಗಿ ಆಗುತ್ತಾ ಬಸವಣ್ಣ?’, ‘ಅಮ್ಮಾವರಿಗೆ ಒಳ್ಳೇದಾಗುತ್ತಾ?’ ಎಂದು ಒಡೆಯ ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತದೆ. ಮಕ್ಕಳು ಬೆರಗಾಗುತ್ತಾರೆ, ದೊಡ್ಡವರು ನಗುತ್ತಾ ಮೊರದಲ್ಲಿ ಅಕ್ಕಿ ತಂದು ಹಾಕುತ್ತಾರೆ. ಎತ್ತಿಗೆ ಪ್ರಶ್ನೆ ಅರ್ಥವಾಗಿಲ್ಲ, ಒಡೆಯನ ಸನ್ನೆ ಅರ್ಥವಾಗಿದೆ ಎಂಬುದು ದೊಡ್ಡವರಿಗೆ ಗೊತ್ತು. ಹೇಳಿದ್ದಕ್ಕೆಲ್ಲ ಹೂಂ ಎನ್ನುವವನನ್ನು ‘ಕೋಲೆ ಬಸವ’ ಎಂದು ಕರೆಯುವ ರೂಢಿ ಬಂದದ್ದೂ ಇದರಿಂದಲೇ.

ಆದರೆ ತಾನು ಸನ್ನೆ ಮಾಡುತ್ತಿದ್ದೇನೆ ಎಂಬುದು ಒಡೆಯನಿಗೇ ಗೊತ್ತಿಲ್ಲದಿದ್ದರೆ? ಆತ ಪ್ರಾಮಾಣಿಕ, ನೋಡುವವರೂ ಬುದ್ಧಿವಂತರು, ಯಾರ ಕಣ್ಣಿಗೂ ಸನ್ನೆ ಬೀಳುತ್ತಿಲ್ಲ ಎಂದಾದರೆ? ಆಗ ನಿಜವನ್ನು ಹೊರಗೆಳೆಯುವುದು ಹೇಗೆ?

ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಜರ್ಮನಿಯ ಬರ್ಲಿನ್ ನಗರದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅದಕ್ಕೆ ಕಾರಣವಾದದ್ದು ಹಾನ್ಸ್ ಎಂಬ ಒಂದು ಕುದುರೆ. ಅದರ ಗುಟ್ಟನ್ನು ಬಿಡಿಸಿದವನು ಇನ್ನೂ ಪದವಿ ಪಡೆಯದ ಒಬ್ಬ ವಿದ್ಯಾರ್ಥಿ. ಮನಸ್ಸನ್ನು ಕುರಿತು ವೈಜ್ಞಾನಿಕವಾಗಿ ಸಂಶೋಧನೆ ಮಾಡುವುದು ಎಂದರೇನು ಎಂದು ತಿಳಿಯಬೇಕಾದವರಿಗೆ ಈ ಕುದುರೆಯ ಕಥೆಗಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಕಷ್ಟ.

ಮೇಷ್ಟರು ಮತ್ತು ಶಿಷ್ಯ

ವಿಲ್ಹೆಲ್ಮ್ ಫಾನ್ ಓಸ್ಟೆನ್ ಗಣಿತದ ನಿವೃತ್ತ ಮೇಷ್ಟರು. ಪ್ರಾಣಿಗಳಿಗೂ ಮನುಷ್ಯರಂತೆ ಯೋಚಿಸುವ ಶಕ್ತಿಯಿದೆ, ಅವುಗಳಿಗೆ ಇಲ್ಲದಿರುವುದು ಶಿಕ್ಷಣ ಮಾತ್ರ ಎಂಬುದು ಅವರ ದೃಢವಾದ ನಂಬಿಕೆ. ಹಾಗಾಗಿ ಕುದುರೆಯೊಂದನ್ನು ತಂದು, ಬರ್ಲಿನ್ನಿನ ತಮ್ಮ ಮನೆಯ ಅಂಗಳದಲ್ಲಿ ಅದಕ್ಕೆ ಪಾಠ ಹೇಳತೊಡಗಿದರು. ಮರದ ಗೂಟಗಳನ್ನಿಟ್ಟು ಎಣಿಕೆ, ಮಣಿಚೌಕಟ್ಟಿನಲ್ಲಿ ಕೂಡಿಸುವುದು, ಕರಿಹಲಗೆಯ ಮೇಲೆ ಅಂಕಿ, ಅಕ್ಷರ - ಒಂದನೇ ತರಗತಿಯ ಮಗುವಿಗೆ ಕಲಿಸುವಂತೆಯೇ ಎಲ್ಲವೂ ಕ್ರಮವಾಗಿ ನಡೆಯಿತು. ಸರಿಯುತ್ತರಕ್ಕೆ ಗಜ್ಜರಿಯ ತುಂಡೋ ಬ್ರೆಡ್ಡಿನ ಚೂರೋ ಬಹುಮಾನ. ಹೀಗೆ ಸುಮಾರು ನಾಲ್ಕು ವರ್ಷ ಕಳೆಯಿತು.

1904ರ ಹೊತ್ತಿಗೆ ಹಾನ್ಸ್ ಬರ್ಲಿನ್ನಿನ ಮನೆಮಾತಾಗಿತ್ತು. ಬಲಗಾಲಿನ ಗೊರಸಿನಿಂದ ನೆಲ ತಟ್ಟಿ ಅದು ಉತ್ತರ ಹೇಳುತ್ತಿತ್ತು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದಲ್ಲದೆ ಭಿನ್ನರಾಶಿಯ ಲೆಕ್ಕವನ್ನೂ ಮಾಡುತ್ತಿತ್ತು. ಅಕ್ಷರಗಳ ಕೋಷ್ಟಕವೊಂದನ್ನು ಎದುರಿಗಿಟ್ಟರೆ ಸಾಲು, ಸ್ಥಾನಗಳನ್ನು ತಟ್ಟಿ ತೋರಿಸಿ ಪದಗಳ ಕಾಗುಣಿತ ಹೇಳುತ್ತಿತ್ತು. ‘ತಿಂಗಳ ಎಂಟನೇ ತಾರೀಖು ಮಂಗಳವಾರ ಬಂದರೆ ಮುಂದಿನ ಶುಕ್ರವಾರ ಎಷ್ಟನೇ ತಾರೀಖು?’ ಎಂದು ಕೇಳಿದರೆ ಹನ್ನೊಂದು ಸಲ ತಟ್ಟಿ ನಿಲ್ಲಿಸುತ್ತಿತ್ತು. ಬಣ್ಣಗಳನ್ನೂ ಸಂಗೀತದ ಸ್ವರಗಳನ್ನೂ ಗುರುತಿಸುತ್ತಿತ್ತು.

ಮೇಷ್ಟರು ಪ್ರದರ್ಶನಕ್ಕೆ ಯಾರಿಂದಲೂ ಕಾಸು ಕೇಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದುದು ತಮ್ಮ ನಂಬಿಕೆ ನಿಜವೆಂದು ವಿದ್ವಾಂಸರು ಒಪ್ಪಬೇಕು ಎಂಬುದಷ್ಟೇ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯೂ ಈ ಕುದುರೆಯ ಸುದ್ದಿ ಪ್ರಕಟಿಸಿತು.

ಹದಿಮೂರು ಮಂದಿಯ ತೀರ್ಪು

ಅದೇ ತಿಂಗಳು ಹದಿಮೂರು ಮಂದಿಯ ತಂಡವೊಂದು ಹಾನ್ಸ್‌ನನ್ನು ಪರೀಕ್ಷಿಸಿತು. ಬರ್ಲಿನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ಸಂಸ್ಥೆಯ ನಿರ್ದೇಶಕ ಕಾರ್ಲ್ ಸ್ಟುಂಫ್, ಪ್ರಾಣಿಸಂಗ್ರಹಾಲಯದ ನಿರ್ದೇಶಕ, ಶರೀರಶಾಸ್ತ್ರಜ್ಞ, ಪಶುವೈದ್ಯ, ಸೇನಾಧಿಕಾರಿ - ಹೀಗೆ ನಾನಾ ಬಗೆಯ ಜನ ಅದರಲ್ಲಿದ್ದರು. ಸರ್ಕಸ್ ಕಂಪೆನಿಯ ಯಜಮಾನ ಪಾಲ್ ಬುಶ್ ಕೂಡ ಇದ್ದರು. ಪ್ರಾಣಿಗೆ ಗುಟ್ಟಾಗಿ ಸನ್ನೆ ಕೊಡುವ ಉಪಾಯಗಳು ಸರ್ಕಸ್ಸಿನವರಿಗಿಂತ ಚೆನ್ನಾಗಿ ಇನ್ನಾರಿಗೆ ತಿಳಿದಿರುತ್ತವೆ?

ತಂಡ ಎಷ್ಟು ಹುಡುಕಿದರೂ ಮೋಸ ಕಾಣಲಿಲ್ಲ. ಮೇಷ್ಟರು ಅಲ್ಲಿಲ್ಲದಾಗಲೂ ಬೇರೆಯವರ ಪ್ರಶ್ನೆಗೆ ಹಾನ್ಸ್ ಸರಿಯುತ್ತರ ಕೊಟ್ಟದ್ದುಂಟು. ಬೇಕೆಂದೇ ಮಾಡಿದ ಸನ್ನೆ ಇಲ್ಲಿಲ್ಲ, ಈವರೆಗೆ ತಿಳಿದಿರುವ ಬಗೆಯ ಅರಿವಿಲ್ಲದ ಸನ್ನೆಯೂ ಕಾಣುತ್ತಿಲ್ಲ ಎಂದು ವರದಿ ಬರೆದು ಹದಿಮೂರು ಮಂದಿಯೂ ಸಹಿ ಹಾಕಿದರು.

ಜನ ಇದನ್ನು ಓದಿಕೊಂಡದ್ದು ಬೇರೆ ರೀತಿಯಲ್ಲಿ. ‘ಮೋಸವಿಲ್ಲ’ ಎಂದರೆ ‘ಕುದುರೆ ಯೋಚಿಸುತ್ತದೆ ಎಂದು ವಿಜ್ಞಾನಿಗಳೇ ಒಪ್ಪಿದರು’ ಎಂದು ಅರ್ಥ ಮಾಡಿಕೊಂಡರು. ಇವೆರಡೂ ಒಂದೇ ಅಲ್ಲ. ಹೇಳುವವರು ಪ್ರಾಮಾಣಿಕರು ಎಂದ ಮಾತ್ರಕ್ಕೆ ಹೇಳಿದ್ದು ನಿಜವಾಗಬೇಕಿಲ್ಲ. ನೋಡುವವರು ತಜ್ಞರು ಎಂದ ಮಾತ್ರಕ್ಕೆ ಅವರ ಕಣ್ಣಿಗೆ ಎಲ್ಲವೂ ಬೀಳಬೇಕಿಲ್ಲ. ಹದಿಮೂರಲ್ಲ, ನೂರು ಮಂದಿ ಸುತ್ತ ನಿಂತು ನೋಡಿದ್ದರೂ ಫಲ ಅಷ್ಟೇ ಆಗುತ್ತಿತ್ತು. ಸುಮ್ಮನೆ ನೋಡುವುದು ಬೇರೆ, ಪರೀಕ್ಷಿಸುವುದು ಬೇರೆ.

ಸ್ಟುಂಫ್‌ಗೆ ಇದು ತಿಳಿದಿತ್ತು. ಮನಶ್ಶಾಸ್ತ್ರ ಆಗಿನ್ನೂ ಎಳೆಯ ವಿಜ್ಞಾನ. ಜರ್ಮನಿಯದೇ ಲೈಪ್ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದದ್ದು 1879ರಲ್ಲಿ. ಅದಕ್ಕೆ ಮೊದಲು ಮನಸ್ಸಿನ ವಿಚಾರವೆಂದರೆ ತತ್ತ್ವಜ್ಞಾನಿಗಳು ಕುಳಿತು ಚಿಂತಿಸುವ ವಿಷಯ. ಅದನ್ನು ಅಳತೆಗೆ, ಪ್ರಯೋಗಕ್ಕೆ ಒಳಪಡಿಸಬಹುದು ಎಂಬ ವಿಚಾರವೇ ಹೊಸದು. ಸ್ಟುಂಫ್ ಕುದುರೆಯ ಕೆಲಸವನ್ನು ತಮ್ಮ ಸಂಸ್ಥೆಯ ಓಸ್ಕರ್ ಫುಂಗ್ಸ್ಟ್ ಎಂಬ ವಿದ್ಯಾರ್ಥಿಗೆ ಒಪ್ಪಿಸಿದರು. 1904ರ ಅಕ್ಟೋಬರ್‌ನಲ್ಲಿ ಪ್ರಯೋಗಗಳು ಆರಂಭವಾದವು.

ಒಂದು ಸಲಕ್ಕೆ ಒಂದೇ ಬದಲಾವಣೆ

ಫುಂಗ್ಸ್ಟ್ ಮೊದಲು ಮಾಡಿದ ಕೆಲಸ ಅಂಗಳದಲ್ಲಿ ಒಂದು ಡೇರೆ ಹಾಕಿಸಿದ್ದು. ಕುದುರೆಯ ಸುತ್ತ ಜನ ಗುಂಪುಗೂಡಿದ್ದರೆ, ಯಾವುದರ ಪ್ರಭಾವ ಎಲ್ಲಿಂದ ಬರುತ್ತಿದೆ ಎಂದು ಹೇಳುವುದು ಹೇಗೆ? ಹೊರಗಿನ ಗೊಂದಲವನ್ನು ಹೊರಗೇ ಇಡುವುದು ಮೊದಲ ಹೆಜ್ಜೆ.

ಎರಡನೆಯದು, ಪ್ರಶ್ನೆಯನ್ನು ಬದಲಾಯಿಸಿದ್ದು. ‘ಕುದುರೆಗೆ ಬುದ್ಧಿ ಇದೆಯೇ?’ ಎಂಬ ಪ್ರಶ್ನೆಗೆ ಉತ್ತರ ಹೇಳುವ ಪ್ರಯೋಗವೇ ಇಲ್ಲ. ಅದು ಚರ್ಚೆಗೆ ಮಾತ್ರ ಸರಿ. ಅದರ ಬದಲು ಆತ ಕೇಳಿದ್ದು: ಉತ್ತರ ಗೊತ್ತಿಲ್ಲದವನು ಪ್ರಶ್ನೆ ಕೇಳಿದರೂ ಕುದುರೆ ಸರಿಯುತ್ತರ ಕೊಡುತ್ತದೆಯೇ? ಕುದುರೆ ನಿಜವಾಗಿ ಲೆಕ್ಕ ಮಾಡುತ್ತಿದ್ದರೆ ಕೇಳುವವನಿಗೆ ಉತ್ತರ ಗೊತ್ತಿದ್ದರೂ ಒಂದೇ, ಗೊತ್ತಿಲ್ಲದಿದ್ದರೂ ಒಂದೇ. ಹಾಗಲ್ಲದೆ ಕೇಳುವವನಿಂದ ಏನನ್ನೋ ಪಡೆಯುತ್ತಿದ್ದರೆ, ಅವನಿಗೆ ಗೊತ್ತಿಲ್ಲದಾಗ ಅದು ತಪ್ಪಬೇಕು. ಎರಡು ವಿವರಣೆಗಳು ಎರಡು ಬೇರೆ ಬೇರೆ ಫಲಗಳನ್ನು ಹೇಳುವಂಥ ಜಾಗವನ್ನು ಹುಡುಕಿ ಅಲ್ಲಿಯೇ ಪರೀಕ್ಷೆ ಇಡುವುದು - ವೈಜ್ಞಾನಿಕ ಪ್ರಯೋಗದ ಜೀವಾಳವೇ ಇದು.

ಅಂಕಿಗಳನ್ನು ಬರೆದ ಹಲಗೆಗಳನ್ನು ಕುದುರೆಗೆ ತೋರಿಸಲಾಯಿತು. ಕೆಲವು ಸಲ ಕೇಳುವವನು ಅಂಕಿಯನ್ನು ತಾನೂ ನೋಡುತ್ತಿದ್ದ, ಕೆಲವು ಸಲ ನೋಡುತ್ತಿರಲಿಲ್ಲ. ಉಳಿದದ್ದೆಲ್ಲ ಹಾಗೆಯೇ ಇತ್ತು: ಅದೇ ಕುದುರೆ, ಅದೇ ಡೇರೆ, ಅದೇ ಬಗೆಯ ಅಂಕಿಗಳು. ಬದಲಾದದ್ದು ಒಂದೇ ಒಂದು ಸಂಗತಿ. ಕೇಳುವವನಿಗೆ ಅಂಕಿ ಗೊತ್ತಿದ್ದಾಗ ಹಾನ್ಸ್‌ನ ಉತ್ತರಗಳಲ್ಲಿ ನೂರಕ್ಕೆ 98 ಸರಿ. ಗೊತ್ತಿಲ್ಲದಾಗ ನೂರಕ್ಕೆ 8.

ಕೂಡುವ ಲೆಕ್ಕಕ್ಕೆ ಇನ್ನೊಂದು ಉಪಾಯ ಹೂಡಲಾಯಿತು. ಮೇಷ್ಟರು ಕುದುರೆಯ ಕಿವಿಯಲ್ಲಿ ಒಂದು ಸಂಖ್ಯೆ ಉಸುರುವುದು, ಫುಂಗ್ಸ್ಟ್ ಬಂದು ಇನ್ನೊಂದು ಸಂಖ್ಯೆ ಉಸುರುವುದು. ಎರಡೂ ತಿಳಿದಿರುವುದು ಕುದುರೆಗೆ ಮಾತ್ರ. ಎರಡನ್ನೂ ಕೂಡಿಸಿ ಹೇಳು ಎಂದರೆ 31 ಸಲದಲ್ಲಿ ಮೂರು ಸಲವಷ್ಟೇ ಉತ್ತರ ಸರಿ ಬಂತು. ಕೇಳುವವನಿಗೆ ಮೊತ್ತ ತಿಳಿದಿದ್ದಾಗ 31ರಲ್ಲಿ 29 ಸರಿ.

ಅಲ್ಲಿಗೆ ಕುದುರೆ ಲೆಕ್ಕ ಮಾಡುತ್ತಿಲ್ಲ ಎಂಬುದು ಖಚಿತವಾಯಿತು. ಹಾಗಾದರೆ ಅದಕ್ಕೆ ಉತ್ತರ ಸಿಗುತ್ತಿರುವುದು ಎಲ್ಲಿಂದ? ಕಿವಿಯಿಂದಲೇ? ಬಾಯಿ ಬಿಡದೆ ಮನಸ್ಸಿನಲ್ಲೇ ಪ್ರಶ್ನೆ ನೆನೆದರೂ ಹಾನ್ಸ್ ಸರಿಯಾಗಿ ತಟ್ಟುತ್ತಿತ್ತು. ಆದ್ದರಿಂದ ಮಾತು ಮುಖ್ಯವಲ್ಲ. ಕಣ್ಣಿನಿಂದಲೇ? ಜಟಕಾ ಕುದುರೆಗೆ ಕಟ್ಟುವಂಥ, ಆದರೆ ಅದಕ್ಕಿಂತ ದೊಡ್ಡ ಕಣ್ಣುಪಟ್ಟಿ ಕಟ್ಟಿ, ಕೇಳುವವನು ಅದಕ್ಕೆ ಕಾಣದಂತೆ ಮಾಡಲಾಯಿತು. ಹಾನ್ಸ್ ತಬ್ಬಿಬ್ಬಾಯಿತು. ಕೇಳುವವನನ್ನು ನೋಡಲು ಕತ್ತು ತಿರುಗಿಸಿ ಒದ್ದಾಡಿತು. ಅವನು ಕಾಣದಿದ್ದಾಗ ಉತ್ತರಗಳು ಕೆಟ್ಟವು. ದೂರ ಸರಿದು ನಿಂತಷ್ಟೂ ತಪ್ಪುಗಳು ಹೆಚ್ಚಾದವು.

ಇಷ್ಟಾದ ಮೇಲೆ ಫುಂಗ್ಸ್ಟ್ ಕುದುರೆಯನ್ನು ಬಿಟ್ಟು ಮನುಷ್ಯರನ್ನು ನೋಡತೊಡಗಿದ. ಪ್ರಶ್ನೆ ಕೇಳಿದ ಕೂಡಲೇ ಜನ ಕುದುರೆಯ ಕಾಲು ನೋಡಲು ಸ್ವಲ್ಪ ಮುಂದಕ್ಕೆ ಬಾಗುತ್ತಾರೆ. ಹಾನ್ಸ್ ತಟ್ಟಲು ಶುರುಮಾಡುತ್ತದೆ. ಎಣಿಕೆ ಸರಿಯುತ್ತರದ ಹತ್ತಿರ ಬರುತ್ತಿದ್ದಂತೆ ಕೇಳುವವರ ಮನಸ್ಸು ಬಿಗಿಯಾಗುತ್ತದೆ. ಸರಿಯಾದ ತಟ್ಟು ಬಿದ್ದೊಡನೆ ಆ ಬಿಗಿ ಸಡಿಲಿ, ತಲೆ ತಾನಾಗಿಯೇ ತುಸು ಮೇಲಕ್ಕೇಳುತ್ತದೆ. ಮೇಷ್ಟರ ವಿಷಯದಲ್ಲಿ ಈ ಚಲನೆ ಒಂದೆರಡು ಮಿಲಿಮೀಟರ್, ಅಷ್ಟೇ! ಹಾನ್ಸ್ ಕಾಯುತ್ತಿದ್ದುದು ಅದಕ್ಕೇ. ತಲೆ ಎತ್ತಿದೊಡನೆ ಅದು ತಟ್ಟುವುದನ್ನು ನಿಲ್ಲಿಸುತ್ತಿತ್ತು.

ಹದಿಮೂರು ತಜ್ಞರ ಕಣ್ಣಿಗೆ ಬೀಳದ್ದು ಕುದುರೆಯ ಕಣ್ಣಿಗೆ ಬಿದ್ದಿತ್ತು. ಏಕೆಂದರೆ ತಜ್ಞರು ಕುದುರೆಯನ್ನು ನೋಡುತ್ತಿದ್ದರು, ಕುದುರೆ ಕೇಳುವವನನ್ನು ನೋಡುತ್ತಿತ್ತು.

ಕುದುರೆಯ ಜಾಗದಲ್ಲಿ ಮನುಷ್ಯ

ಇಲ್ಲಿಗೇ ನಿಲ್ಲಿಸಿದ್ದರೂ ಫುಂಗ್ಸ್ಟ್‌ಗೆ ಹೆಸರು ಬರುತ್ತಿತ್ತು. ಆದರೆ ಕಾರಣ ಸಿಕ್ಕಿತು ಎಂದು ಹೇಳಿದರೆ ಸಾಲದು, ಆ ಕಾರಣವನ್ನು ಕೈಯಲ್ಲಿ ಹಿಡಿದು ಫಲವನ್ನು ಬೇಕಾದಂತೆ ಬದಲಿಸಿ ತೋರಿಸಬೇಕು. ಆತ ಬೇಕೆಂದೇ ಬಾಗಿ ನಿಂತ. ಪ್ರಶ್ನೆಯ ಉತ್ತರ ಎಷ್ಟೇ ಇರಲಿ, ಬಾಗಿಯೇ ಇರುವಷ್ಟು ಹೊತ್ತು ಹಾನ್ಸ್ ತಟ್ಟುತ್ತಲೇ ಹೋಯಿತು. ತಲೆ ಎತ್ತಿದಾಗ ನಿಲ್ಲಿಸಿತು. ಹೆಚ್ಚು ಬಾಗಿದರೆ ಬೇಗ ಬೇಗ ತಟ್ಟಿತು. ಹೀಗೆ ಕುದುರೆಯಿಂದ ಯಾವ ತಪ್ಪು ಉತ್ತರವನ್ನಾದರೂ ಹೇಳಿಸುವುದು ಸಾಧ್ಯವಾಯಿತು.

ಆಮೇಲೆ ಪ್ರಯೋಗಾಲಯದಲ್ಲಿ ಕುದುರೆಯ ಪಾತ್ರವನ್ನು ಆತನೇ ವಹಿಸಿದ. ಎದುರು ನಿಂತವರು ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆಯಬೇಕು. ಫುಂಗ್ಸ್ಟ್ ಕೈಯಿಂದ ತಟ್ಟುತ್ತಾ ಅವರ ತಲೆಯನ್ನು ಗಮನಿಸಿ ಸರಿಯಾದ ಜಾಗದಲ್ಲಿ ನಿಲ್ಲಿಸುವನು. 25 ಮಂದಿಯಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ತಮಗೆ ಅರಿವಿಲ್ಲದೆಯೇ ಅದೇ ಚಲನೆ ಮಾಡಿದರು. ಅವರಲ್ಲಿ ಯಾರಿಗೂ ಆತ ಏನನ್ನು ನೋಡುತ್ತಿದ್ದಾನೆಂದು ತಿಳಿದಿರಲಿಲ್ಲ. ತಲೆಯ ಚಲನೆಯನ್ನೂ ಉಸಿರಾಟವನ್ನೂ ಗೆರೆಗಳಾಗಿ ಬರೆಯುವ ಯಂತ್ರವನ್ನೂ ಬಳಸಲಾಯಿತು. ತನ್ನ ಕಣ್ಣನ್ನು ಮಾತ್ರ ನಂಬಿ ಕೂರಲು ಆತ ಸಿದ್ಧನಿರಲಿಲ್ಲ.

ಎಲ್ಲಕ್ಕಿಂತ ವಿಚಿತ್ರವೆಂದರೆ, ಗುಟ್ಟು ತಿಳಿದ ಮೇಲೂ ತನ್ನ ತಲೆಯ ಚಲನೆಯನ್ನು ಪೂರ್ತಿ ತಡೆಯುವುದು ಫುಂಗ್ಸ್ಟ್‌ಗೇ ಕಷ್ಟವಾಯಿತು. ‘ನಾನು ಪಕ್ಷಪಾತ ಮಾಡುವುದಿಲ್ಲ’ ಎಂಬ ಸಂಕಲ್ಪ ಎಷ್ಟೇ ಶುದ್ಧವಾಗಿರಲಿ, ಅದರಿಂದ ಪಕ್ಷಪಾತ ತಪ್ಪುವುದಿಲ್ಲ. ತಪ್ಪಿಸಬೇಕಾದದ್ದು ಪ್ರಯೋಗದ ಏರ್ಪಾಟಿನಿಂದ.

ಪ್ರಯೋಗದ ವಿವರಗಳೆಲ್ಲ 1907ರಲ್ಲಿ ಪುಸ್ತಕವಾಗಿ ಬಂದವು. ಮೇಷ್ಟರಿಗೆ ಇದು ದೊಡ್ಡ ಆಘಾತ. ಮೊದಮೊದಲು ಕುದುರೆಯ ಮೇಲೇ ಸಿಟ್ಟಾದರು. ಆಮೇಲೆ ಪರೀಕ್ಷಕರ ಮೇಲೆ ತಿರುಗಿದರು. ಮುಂದೆ ಪ್ರಯೋಗಕ್ಕೆ ಅವಕಾಶ ಕೊಡಲಿಲ್ಲ. ತಮ್ಮ ನಂಬಿಕೆಯನ್ನು ಬಿಡದೆಯೇ 1909ರಲ್ಲಿ ತೀರಿಕೊಂಡರು. ಅವರು ಮೋಸಗಾರರಲ್ಲ ಎಂದು ಸ್ಟುಂಫ್ ಮತ್ತು ಫುಂಗ್ಸ್ಟ್ ಇಬ್ಬರೂ ಕೊನೆಯವರೆಗೂ ಹೇಳಿದರು. ವರ್ಷಗಟ್ಟಲೆ ಅವರು ಕುದುರೆಗೆ ಕಲಿಸಿದ್ದು ನಿಜ; ಕಲಿತದ್ದು ಮಾತ್ರ ಅವರು ಕಲಿಸಿದ ಪಾಠವನ್ನಲ್ಲ, ಅವರನ್ನೇ.

ಪ್ಯಾರಿಸ್ಸಿನ ಮರಗಳು

ತಿಳಿದವರಿಂದ ತಿಳಿವನ್ನು ಮರೆಮಾಡಿ ಪರೀಕ್ಷಿಸುವ ಉಪಾಯ ಫುಂಗ್ಸ್ಟ್‌ನಿಂದಲೇ ಶುರುವಾದದ್ದಲ್ಲ. ಅದಕ್ಕೂ 120 ವರ್ಷ ಹಿಂದೆ ಫ್ರಾನ್ಸಿನಲ್ಲಿ ಫ್ರಾಂಜ್ ಮೆಸ್ಮರ್ ಎಂಬ ವೈದ್ಯ ‘ಪ್ರಾಣಿ ಅಯಸ್ಕಾಂತ ಶಕ್ತಿ’ಯಿಂದ ರೋಗ ವಾಸಿ ಮಾಡುತ್ತೇನೆಂದು ಹೆಸರು ಮಾಡಿದ್ದ. ಆ ಶಕ್ತಿ ತುಂಬಿದ ಮರವನ್ನು ಮುಟ್ಟಿದರೆ ರೋಗಿಗಳು ನಡುಗುತ್ತಿದ್ದರು, ಮೂರ್ಛೆ ಹೋಗುತ್ತಿದ್ದರು. 1784ರಲ್ಲಿ ದೊರೆ ಹದಿನಾರನೆಯ ಲೂಯಿ ವಿಚಾರಣೆಗೆ ನೇಮಿಸಿದ ಮಂಡಳಿಯಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೆ ಮುಂತಾದವರಿದ್ದರು.

ಪ್ಯಾರಿಸ್ ಬಳಿಯ ಪಾಸಿ ಎಂಬಲ್ಲಿ ಫ್ರಾಂಕ್ಲಿನ್ ವಾಸವಾಗಿದ್ದ ಮನೆಯ ತೋಟದಲ್ಲಿ ಒಂದು ಮರಕ್ಕೆ ಮಾತ್ರ ‘ಶಕ್ತಿ’ ತುಂಬಿಸಲಾಯಿತು. ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ ಒಂದೊಂದೇ ಮರದ ಬಳಿಗೆ ಕರೆದೊಯ್ದರು. ಹುಡುಗನ ನಡುಕ ಮರದಿಂದ ಮರಕ್ಕೆ ಹೆಚ್ಚುತ್ತಾ ಹೋಗಿ ನಾಲ್ಕನೆಯದರ ಬಳಿ ಮೂರ್ಛೆ ಬಂತು. ಅದು ಶಕ್ತಿ ತುಂಬಿದ ಮರವಾಗಿರಲಿಲ್ಲ. ಹುಡುಗ ನಟಿಸುತ್ತಿರಲಿಲ್ಲ, ಅವನಿಗೆ ನಿಜವಾಗಿ ಮೂರ್ಛೆ ಬಂದಿತ್ತು. ಅದಕ್ಕೆ ಕಾರಣ ಮಾತ್ರ ಮರವಲ್ಲ, ಅವನ ನಿರೀಕ್ಷೆ.

ಇಂದು ಹೊಸ ಔಷಧವನ್ನು ಪರೀಕ್ಷಿಸುವಾಗ ಒಂದು ಗುಂಪಿಗೆ ನಿಜವಾದ ಗುಳಿಗೆ, ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಇರುವ ಬರಿಯ ಗುಳಿಗೆ ಕೊಡುವುದು, ಯಾರಿಗೆ ಯಾವುದು ಎಂಬುದನ್ನು ರೋಗಿಯಿಂದಲೂ ಕೊಡುವ ವೈದ್ಯರಿಂದಲೂ ಮುಚ್ಚಿಡುವುದು ಇದೇ ತತ್ತ್ವದ ಮೇಲೆ. ಹುಡುಗನ ಕಣ್ಣು ಕಟ್ಟಿದ್ದು ಪ್ಯಾರಿಸ್ಸಿನ ಪಾಠ. ಪ್ರಶ್ನೆ ಕೇಳುವವನ ಕಣ್ಣನ್ನೂ ಕಟ್ಟಬೇಕು ಎಂಬುದು ಬರ್ಲಿನ್ನಿನ ಪಾಠ.

ಇಲಿಗಳಾಯಿತು, ಮಕ್ಕಳೂ ಆಯಿತು

ಬರ್ಲಿನ್ನಿನ ಪಾಠವನ್ನು ಇನ್ನೂ ಮುಂದಕ್ಕೆ ಒಯ್ದವರು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂತಾಲ್. 1963ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹನ್ನೆರಡು ವಿದ್ಯಾರ್ಥಿಗಳಿಗೆ ತಲಾ ಐದು ಇಲಿ ಕೊಟ್ಟು, ಅವಕ್ಕೆ ದಾರಿ ಹುಡುಕುವುದನ್ನು ಕಲಿಸಲು ಹೇಳಲಾಯಿತು. ಅರ್ಧ ಮಂದಿಗೆ ‘ನಿಮ್ಮವು ಜಾಣ ತಳಿಯ ಇಲಿಗಳು’ ಎಂದೂ ಉಳಿದವರಿಗೆ ‘ನಿಮ್ಮವು ದಡ್ಡ ತಳಿ’ ಎಂದೂ ತಿಳಿಸಿದ್ದರು. ವಾಸ್ತವದಲ್ಲಿ ಇಲಿಗಳೆಲ್ಲ ಒಂದೇ ಬಗೆಯವು, ಮನಬಂದಂತೆ ಹಂಚಿದವು. ಆದರೂ ‘ಜಾಣ’ ಇಲಿಗಳು ಹೆಚ್ಚು ಚೆನ್ನಾಗಿ ಕಲಿತವು!

ಇಲಿಗಳ ಗತಿಯೇ ಹೀಗಾದರೆ ಶಾಲೆಯ ಮಕ್ಕಳದೇನು? ರೋಸೆಂತಾಲ್ ಮತ್ತು ಶಾಲೆಯೊಂದರ ಮುಖ್ಯಸ್ಥೆ ಲೆನೋರ್ ಜೇಕಬ್ಸನ್ ಕ್ಯಾಲಿಫೋರ್ನಿಯದ ಒಂದು ಪ್ರಾಥಮಿಕ ಶಾಲೆಯಲ್ಲಿ ನಡೆಸಿದ ಪ್ರಯೋಗ 1968ರಲ್ಲಿ ಪುಸ್ತಕವಾಗಿ ಬಂತು. ಸುಮಾರು ಐದರಲ್ಲೊಂದು ಪಾಲು ಮಕ್ಕಳ ಹೆಸರು ಹೇಳಿ, ‘ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆಂದು ಪರೀಕ್ಷೆಯಿಂದ ತಿಳಿದಿದೆ’ ಎಂದು ಶಿಕ್ಷಕರಿಗೆ ನಂಬಿಸಲಾಯಿತು. ಹೆಸರುಗಳನ್ನು ಆರಿಸಿದ್ದು ಚೀಟಿ ಎತ್ತಿದಂತೆ, ಮನಬಂದಂತೆ. ವರ್ಷದ ಕೊನೆಗೆ ಒಂದು ಮತ್ತು ಎರಡನೇ ತರಗತಿಗಳ ಅಂಥ ಮಕ್ಕಳು ಬುದ್ಧಿ ಪರೀಕ್ಷೆಯಲ್ಲಿ ಉಳಿದವರಿಗಿಂತ ಮುಂದಿದ್ದರು. ಮೇಲಿನ ತರಗತಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಪ್ರಯೋಗದ ಅಳತೆಗಳ ಬಗ್ಗೆ ಆಮೇಲೆ ಬಲವಾದ ಟೀಕೆಗಳು ಬಂದವು. ಶಿಕ್ಷಕರ ನಿರೀಕ್ಷೆಗೆ ಪರಿಣಾಮವಿದೆ, ಆದರೆ ಮೊದಲು ತಿಳಿದಷ್ಟು ದೊಡ್ಡದಲ್ಲ ಎಂಬುದು ಮುಂದಿನ ಅಧ್ಯಯನಗಳಿಂದ ಹೊರಟ ತಿಳಿವಳಿಕೆ.

ಚೀಟಿ ಎತ್ತಿದಂತೆ ಆರಿಸುವುದು ಏಕೆ? ಶಿಕ್ಷಕರು ತಾವಾಗಿಯೇ ಮೆಚ್ಚಿದ ಮಕ್ಕಳನ್ನು ಆರಿಸಿಕೊಂಡಿದ್ದರೆ, ಆ ಮಕ್ಕಳು ಮುಂದೆ ಬಂದದ್ದು ಮೆಚ್ಚುಗೆಯಿಂದಲೋ, ಮೊದಲೇ ಚುರುಕಾಗಿದ್ದುದರಿಂದಲೋ, ಮನೆಯಲ್ಲಿ ಓದಿಸುವವರಿದ್ದುದರಿಂದಲೋ ಹೇಳಲಾಗದು. ಎರಡು ಸಂಗತಿ ಜೊತೆಜೊತೆಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣವೆನ್ನಲು ಬರುವುದಿಲ್ಲ. ಚೀಟಿ ಎತ್ತಿದಾಗ ಇಂಥ ವ್ಯತ್ಯಾಸಗಳೆಲ್ಲ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ.

ಹಿಡಿದ ಕೈ ಯಾರದು?

ಇದೆಲ್ಲ ಪ್ರಯೋಗಾಲಯದ ಸೂಕ್ಷ್ಮ, ನಮಗೇನು ಎಂದು ಯಾರಾದರೂ ಕೇಳಿದರೆ ಅವರಿಗೆ ಹೇಳಬೇಕಾದ ಪ್ರಸಂಗ 1990ರ ದಶಕದ ಅಮೆರಿಕದ್ದು.

ಮಾತು ಬಾರದ ಆಟಿಸಂ ಮಕ್ಕಳಿಗೆ ಆಗ ಹೊಸ ಉಪಾಯವೊಂದು ಬಂದಿತ್ತು. ಸಹಾಯಕರೊಬ್ಬರು ಮಗುವಿನ ಕೈಯನ್ನೋ ಮಣಿಕಟ್ಟನ್ನೋ ಹಿಡಿದುಕೊಳ್ಳುತ್ತಾರೆ. ಮಗು ಅಕ್ಷರಗಳ ಕೀಲಿಗಳನ್ನು ಒತ್ತುತ್ತದೆ. ಒಂದು ಮಾತನ್ನೂ ಆಡದಿದ್ದ ಮಕ್ಕಳು ತುಂಬು ವಾಕ್ಯಗಳನ್ನು ಬರೆದರು, ಕವಿತೆ ಬರೆದರು. ವರ್ಷಗಳಿಂದ ಕಾದಿದ್ದ ತಂದೆತಾಯಿಗಳಿಗೆ ಮಗುವಿನ ದನಿಯೇ ಕೇಳಿಸಿದಂತಾಯಿತು. ಅವರ ಆನಂದವನ್ನು ಊಹಿಸಿಕೊಳ್ಳಬಹುದು.

ಕೆಲವು ಮಕ್ಕಳ ಬರಹದಲ್ಲಿ ಬೇರೆ ಮಾತೂ ಬಂತು: ತಂದೆ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದಾರೆಂಬ ಆರೋಪ. ಮಕ್ಕಳನ್ನು ಮನೆಯಿಂದ ಬೇರೆ ಕಡೆ ಸಾಗಿಸಲಾಯಿತು, ತಂದೆತಾಯಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬರೆಯುತ್ತಿರುವುದು ನಿಜವಾಗಿ ಯಾರು ಎಂಬ ಪ್ರಶ್ನೆ ಈಗ ಬರಿಯ ಕುತೂಹಲದ ಪ್ರಶ್ನೆಯಾಗಿ ಉಳಿಯಲಿಲ್ಲ.

ನ್ಯೂಯಾರ್ಕ್ ರಾಜ್ಯದ ಒಂದು ಕೇಂದ್ರದಲ್ಲಿ ನಡೆಸಿದ ಪರೀಕ್ಷೆ 1993ರಲ್ಲಿ ಪ್ರಕಟವಾಯಿತು. ಅಲ್ಲಿ ವಾಸವಾಗಿದ್ದ ಆಟಿಸಂನ ಹನ್ನೆರಡು ಮಂದಿ, ಅವರಿಗೆ ಒಂಬತ್ತು ಸಹಾಯಕರು. ಇಬ್ಬರಿಗೂ ಒಂದೊಂದು ಚಿತ್ರ ತೋರಿಸಲಾಗುತ್ತಿತ್ತು. ಒಬ್ಬರ ಚಿತ್ರ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಕೆಲವು ಸಲ ಎರಡೂ ಒಂದೇ ಚಿತ್ರ, ಕೆಲವು ಸಲ ಬೇರೆ ಬೇರೆ. ಬೇರೆ ಬೇರೆಯಾಗಿದ್ದಾಗ ಕಾಗದದ ಮೇಲೆ ಮೂಡಿದ್ದು ಸಹಾಯಕರು ನೋಡಿದ ಚಿತ್ರದ ಹೆಸರೇ ಹೊರತು ಎದುರಿನವರು ನೋಡಿದ್ದು ಒಮ್ಮೆಯೂ ಅಲ್ಲ. ಹಾನ್ಸ್‌ನ ಅಂಗಳದಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 1994ರಲ್ಲಿ ಈ ಉಪಾಯಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ನಿರ್ಣಯ ಮಾಡಿತು.

ಸಹಾಯಕರು ಯಾರೂ ಮೋಸಗಾರರಲ್ಲ. ಮಕ್ಕಳಿಗೆ ಒಳ್ಳೆಯದಾಗಲೆಂದು ದುಡಿದವರು. ತಾವೇ ಬರೆಯುತ್ತಿದ್ದೆವೆಂದು ತಿಳಿದಾಗ ಕೆಲವರು ಕುಸಿದುಹೋದರು. ಪರೀಕ್ಷೆ ಮೊದಲೇ ನಡೆದಿದ್ದರೆ ಅನೇಕ ಮನೆಗಳು ಒಡೆಯುತ್ತಿರಲಿಲ್ಲ. ಮಗು ತಾನೇ, ಯಾರೂ ಕೈ ಹಿಡಿಯದೆ, ಚಿತ್ರ ತೋರಿಸಿ ಸಂವಹನ ನಡೆಸುವ ಬೇರೆ ಉಪಾಯಗಳಿವೆ. ಸುಳ್ಳು ಭರವಸೆಯ ಹಿಂದೆ ಹೋದ ಕಾಲ ಅವುಗಳಿಗೆ ಸಿಗಬೇಕಾಗಿದ್ದ ಕಾಲ.

ನಮ್ಮಲ್ಲಿ

ಪ್ರಾಯೋಗಿಕ ಮನಶ್ಶಾಸ್ತ್ರ ನಮ್ಮ ನಾಡಿಗೂ ಬೇಗನೆ ಬಂತು. ಕಲ್ಕತ್ತದಲ್ಲಿ 1916ರಲ್ಲಿ ವಿಭಾಗ ಆರಂಭವಾದ ಮೇಲೆ, 1924ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ತರಬೇತಾದವರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಕೇಂದ್ರ ಆರಂಭಿಸಿದವರೆಂದು ಅವರನ್ನು ನೆನೆಯುವವರು ಹೆಚ್ಚು. ಮನಸ್ಸನ್ನು ಅಳೆಯುವ ವಿದ್ಯೆಯನ್ನು ಮೈಸೂರಿಗೆ ತಂದವರೆಂದು ನೆನೆಯುವವರು ಕಡಿಮೆ.

ಕಣ್ಣು ಕಟ್ಟಿ ಕೇಳುವ ಪರೀಕ್ಷೆಗೆ ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ನೂರು ಮಂದಿ ಬುದ್ಧಿವಂತ ವಿದ್ಯಾರ್ಥಿಗಳ, ನೂರು ಮಂದಿ ಬುದ್ಧಿಮಾಂದ್ಯ ಮಕ್ಕಳ ಜನ್ಮವಿವರ ಸಂಗ್ರಹಿಸಿ ಜಾತಕ ಹಾಕಿಸಿದರು. ಹೆಸರು ಮರೆಮಾಡಿ, ಬೆರೆಸಿ, ತಲಾ 40 ಜಾತಕಗಳನ್ನು ಜ್ಯೋತಿಷಿಗಳಿಗೆ ಕಳಿಸಿ, ಯಾವುದು ಯಾರದೆಂದು ಹೇಳಿ ಎಂದರು. ಉತ್ತರ ಕಳಿಸಿದ 27 ಜ್ಯೋತಿಷಿಗಳ ಸರಿಯುತ್ತರ ನೂರಕ್ಕೆ 46. ನಾಣ್ಯ ಚಿಮ್ಮಿ ಹೇಳಿದ್ದರೆ 50ರ ಆಸುಪಾಸು ಬರುತ್ತಿತ್ತು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2009ರಲ್ಲಿ ಇದರ ವರದಿ ಬಂತು. ಗಮನಿಸಬೇಕಾದದ್ದು: ಜ್ಯೋತಿಷ್ಯ ಸರಿಯೇ ತಪ್ಪೇ ಎಂದು ಯಾರೂ ವಾದಕ್ಕೆ ಕೂರಲಿಲ್ಲ. ಗೆಲ್ಲುವುದಕ್ಕೂ ಸೋಲುವುದಕ್ಕೂ ಸಮಾನ ಅವಕಾಶವಿದ್ದ ಪರೀಕ್ಷೆಯೊಂದನ್ನು ಏರ್ಪಡಿಸಿದರು, ಅಷ್ಟೇ.

ಪರೀಕ್ಷಕರಿಗೂ ಪರೀಕ್ಷೆ

ಮನಶ್ಶಾಸ್ತ್ರ ತನ್ನ ಮೇಲೂ ಈ ಪಾಠ ಪ್ರಯೋಗಿಸಿಕೊಳ್ಳಬೇಕಾಗಿ ಬಂತು. ಹೆಸರಾಂತ ಮನಶ್ಶಾಸ್ತ್ರ ಪತ್ರಿಕೆಗಳಲ್ಲಿ ಬಂದಿದ್ದ ನೂರು ಅಧ್ಯಯನಗಳನ್ನು ಬೇರೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೂಲ ಅಧ್ಯಯನಗಳಲ್ಲಿ ನೂರಕ್ಕೆ 97ರಷ್ಟು ಗಣನೀಯ ಪರಿಣಾಮ ವರದಿ ಮಾಡಿದ್ದವು. ಮರುಪ್ರಯೋಗದಲ್ಲಿ ಹಾಗೆ ಬಂದದ್ದು ನೂರಕ್ಕೆ 36 ಮಾತ್ರ. ಬೇಕಾದ ಫಲವನ್ನು ಕಾಣುವ ಆಸೆ ಸಂಶೋಧಕರಿಗೂ ಇರುತ್ತದಲ್ಲ! ಪ್ರಯೋಗಕ್ಕೆ ಮುಂಚೆಯೇ ‘ಇಂಥದನ್ನು, ಇಷ್ಟು ಜನರಲ್ಲಿ, ಹೀಗೆ ಅಳೆಯುತ್ತೇವೆ’ ಎಂದು ಬರೆದು ದಾಖಲಿಸಿ, ಆಮೇಲೆ ಬದಲಾಯಿಸಲಾಗದಂತೆ ಇಡುವ ಪದ್ಧತಿ ಈಗ ಬೆಳೆಯುತ್ತಿದೆ. ಒಮ್ಮೆ ಸಿಕ್ಕ ಉತ್ತರವನ್ನು ಇನ್ನೊಬ್ಬರು ಇನ್ನೊಂದು ಕಡೆ ಮತ್ತೆ ಪಡೆಯುವ ತನಕ ಅದು ಅರ್ಧ ಉತ್ತರವೆಂದೇ ತಿಳಿಯುವುದು ಕ್ಷೇಮ.

ಇದರಿಂದ ವಿಜ್ಞಾನವೇ ಬೋಗಸ್ ಎನ್ನುವವರಿದ್ದಾರೆ. ಹಾಗೆನ್ನಲು ಕಾರಣವಿಲ್ಲ. ತಪ್ಪನ್ನು ಹುಡುಕಿದವರು ಹೊರಗಿನವರಲ್ಲ, ಅದೇ ಶಾಸ್ತ್ರದವರು. ಬಳಸಿದ ಸಾಧನವೂ ಪ್ರಯೋಗವೇ.

ನೆನಪಿನ ಶಕ್ತಿ ಹೆಚ್ಚಿಸುವ ಪುಡಿ, ಬೆರಳಚ್ಚು ನೋಡಿ ಮಗುವಿನ ಬುದ್ಧಿ ಹೇಳುವ ಕೇಂದ್ರ, ಕಣ್ಣು ಕಟ್ಟಿಕೊಂಡು ಓದಿಸುವ ತರಬೇತಿ - ಇಂಥ ಜಾಹೀರಾತುಗಳು ಇಂದು ತಂದೆತಾಯಿಗಳ ಕೈಗೆ ಬರುತ್ತಲೇ ಇರುತ್ತವೆ. ಹಣ ಕಟ್ಟುವ ಮುಂಚೆ ಫುಂಗ್ಸ್ಟ್ ಕೇಳಿದಂಥ ನಾಲ್ಕು ಪ್ರಶ್ನೆ ಕೇಳಲು ಯಾವ ಪದವಿಯೂ ಬೇಡ. ಯಾವುದಕ್ಕೆ ಹೋಲಿಸಿ ನೋಡಿದಿರಿ? ಹೋಲಿಸಿದ ಗುಂಪುಗಳನ್ನು ಮಾಡಿದ್ದು ಹೇಗೆ? ಅಳೆದವರಿಗೆ ಉತ್ತರ ಮೊದಲೇ ಗೊತ್ತಿತ್ತೇ? ನಿಮ್ಮವರಲ್ಲದವರು ಮಾಡಿದಾಗಲೂ ಅದೇ ಫಲ ಬಂತೇ? ‘ನಾವೇ ಕಣ್ಣಾರೆ ನೋಡಿದ್ದೇವೆ’ ಎಂಬ ಉತ್ತರ ಬಂದರೆ ಹದಿಮೂರು ಮಂದಿಯ ಸಹಿಯನ್ನು ನೆನೆಯಬಹುದು.

ಹಾನ್ಸ್ ದಡ್ಡ ಕುದುರೆಯೆಂದು ಮಾತ್ರ ತಿಳಿಯಬಾರದು. ಮನುಷ್ಯನ ತಲೆ ಒಂದೆರಡು ಮಿಲಿಮೀಟರ್ ಅಲುಗಿದ್ದನ್ನು ಅದು ಯಾರೂ ಹೇಳಿಕೊಡದೆಯೇ ಕಂಡುಕೊಂಡಿತ್ತು. ಗಣಿತ ಬಾರದಿದ್ದರೂ ಮನುಷ್ಯರನ್ನು ಓದಲು ಬರುತ್ತಿತ್ತು. ಮೇಷ್ಟರು ಅದರಲ್ಲಿ ಕಂಡದ್ದು ಇಲ್ಲದ ಜಾಣತನವನ್ನು. ಇದ್ದ ಜಾಣತನ ಲೋಕಕ್ಕೆ ತಿಳಿದದ್ದು ಸರಿಯಾದ ಪರೀಕ್ಷೆ ನಡೆದ ಮೇಲೆಯೇ.